ಏರಿನಲ್ಲಿ ಯಾರ ಸೈಕಲ್ಲು?

ಹೋದ ತಿಂಗಳಿಡೀ ನಮ್ಮ ಮನೆಯಲ್ಲಿ ಸೈಕಲ್ಲಿನದ್ದೇ ಮಾತು. ಮನೆಯಲ್ಲಿ ಸೈಕಲ್ಲಿಲ್ಲ ಎಂಬುದು ಬೇರೆ ವಿಷಯ.

ತಂಗಿ ಜಲಜಳಿಗೆ ಮೂಡಬಿದಿರೆಯಲ್ಲಿ ಇಂಗ್ಲಿಷ್ ಓರಲ್ ಪರೀಕ್ಷೆ. ಅವಳು ಬೆಳ್ತಂಗಡಿಯ ಒಂದು ಶಾಲೆಯಲ್ಲಿ ಟೆಂಪರರಿ ಟೀಚರ್. ಪಾಸಾದರೆ ಟ್ರೈನಿಂಗಿಗೆ ಸೀಟು, ಆಮೇಲೆ ಕೆಲಸ ಖಾಯಂ. ಫೇಲಾದರೆ ಜೂನಿನಲ್ಲಿ ಅವಳ ಕುರ್ಚಿ ಬೇರೆಯವರಿಗೆ. ಕಳೆದ ವರ್ಷ ಪರೀಕ್ಷಕರ ಮುಂದೆ ಬಾಯಿಯೇ ತೆರೆಯದೆ ವಾಪಸು ಬಂದಿದ್ದಳು. (ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತು. ಇಂಗ್ಲಿಷಿನ ಹೆದರಿಕೆ ಮಾತ್ರ ನಮ್ಮನ್ನು ಬಿಟ್ಟು ಹೋಗಲಿಲ್ಲ.)

ಮನೆಗೊಬ್ಬ ಬಿ.ಎ. ನಾನು. ಹಾಗಾಗಿ ಗುರುವೂ ನಾನೇ. ಕೇಳುವ ವಿಷಯಗಳು ಹೆಚ್ಚುಕಡಿಮೆ ಗೊತ್ತಿದ್ದವು: ಹಸು, ಮಳೆಗಾಲ, ಬೈಸಿಕಲ್. ಮೊದಲೆರಡನ್ನು ಅವಳು ತಾನೇ ಸುಧಾರಿಸಿಕೊಂಡಳು. ಬೈಸಿಕಲ್ಲಿಗೆ ನಾನು ಉತ್ತರ ಬರೆದುಕೊಟ್ಟೆ. "ಐ ರೈಡ್ ಮೈ ಬೈಸಿಕಲ್ ಟು ಸ್ಕೂಲ್ ಎವ್ರಿ ಡೇ. ದ ರೋಡ್ ಈಸ್ ಪ್ಲೆಸೆಂಟ್."

"ನಾನು ಯಾವಾಗ ಸೈಕಲ್ ಬಿಟ್ಟದ್ದು ಅಣ್ಣ?"

"ಪರೀಕ್ಷೆಯಲ್ಲಿ ಸುಳ್ಳು ಅಂತ ಇಲ್ಲ ಮಾರಾಯ್ತಿ. ಉತ್ತರ ಅಂತ ಮಾತ್ರ ಇರುದು."

ಅಡುಗೆಮನೆಯಿಂದ ಅಮ್ಮ ಕೇಳಿದರು (ತುಳುವಿನಲ್ಲಿ, ಕನ್ನಡ ನನ್ನದು): "ಎಂತದು ಇವಳು ಬೆಳಿಗ್ಗೆಯಿಂದ ಮಂತ್ರ ಹೇಳುದು?"

"ದಿನಾ ಸೈಕಲಿನಲ್ಲಿ ಶಾಲೆಗೆ ಹೋಗ್ತಾಳಂತೆ."

"ಹೋಗಲಿ. ಬರುವಾಗ ಮೀನು ತರ್ಲಿಕ್ಕೆ ಹೇಳು."

ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ಜಗಲಿಯ ಬೆಂಚಿನಲ್ಲಿ, ತೆರೆದ ಕಿಟಕಿಯ ಪಕ್ಕ ಕೂತೆ. ಬೈಸಿಕಲ್ಲೇ ಬಂತು! ಜಲಜ ನನ್ನ ಉತ್ತರವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಹಿರಿಯ ಪರೀಕ್ಷಕರು "ಗುಡ್" ಎಂದರು. ಅಲ್ಲಿಗೆ ನಿಲ್ಲಿಸಬಾರದಿತ್ತೇ?

"ಆ್ಯಂಡ್ ವೆನ್ ಯು ಕಮ್ ಟು ಎ ಹಿಲ್?"

ಏರು ಬಂದರೆ ಏನು ಮಾಡುತ್ತೀ? ಏರಿಗೆ ನಾನು ಉತ್ತರ ಬರೆದಿರಲಿಲ್ಲ. ನಾನು ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ರಸ್ತೆಗಳೆಲ್ಲ ಸಪಾಟು.

ಕಳೆದ ವರ್ಷದ ಕತೆಯೇ ಮತ್ತೆ ಎಂದುಕೊಂಡು ನಾನು ಕಿಟಕಿಯ ಸರಳು ಹಿಡಿದುಕೊಂಡೆ.

"ಸರ್, ಐ ಹ್ಯಾವ್ ನೋ ಬೈಸಿಕಲ್," ಎಂದಳು ಜಲಜ. "ಐ ಓನ್ಲಿ ಪುಷ್."

"ಪುಷ್? ಹೂಸ್ ಬೈಸಿಕಲ್?"

"ಎನಿಬಡೀಸ್, ಸರ್."

ಯಾರದ್ದಾದರೂ ಸರಿ! ನಮ್ಮೂರು ಲಾಯಿಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ದಾರಿಯ ಏರಿನ ಬುಡದಲ್ಲಿ ಎಂಥ ಜಟ್ಟಿಯೂ ಸೈಕಲ್ಲಿನಿಂದ ಇಳಿಯಲೇಬೇಕು. ನಡೆದು ಹೋಗುವವರು ತಮ್ಮ ಚೀಲವನ್ನು ಅವನ ಕ್ಯಾರಿಯರಿಗೆ ಏರಿಸುತ್ತಾರೆ, ಹಿಂದಿನಿಂದ ಒಂದು ಕೈ ಕೊಡುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ. ಏರು ಮುಗಿದ ಮೇಲೆ ಚೀಲ ಚೀಲದವರಿಗೆ, ಸೈಕಲ್ಲು ಸೈಕಲ್ಲಿನವನಿಗೆ.

ಜಲಜ ಇದಿಷ್ಟನ್ನೂ ಹೇಳಿದಳು. ವ್ಯಾಕರಣ ಅಲ್ಲಲ್ಲಿ ಮುಗ್ಗರಿಸಿತು, ಬಾಯಿ ನಿಲ್ಲಲಿಲ್ಲ. "ಅಟ್ ದ ಟಾಪ್ ಹಿ ಗೋಸ್. ಐ ವಾಕ್. ಟುಮಾರೊ, ಅಗೇನ್ ಹಿಲ್." ಪರೀಕ್ಷಕರು ನಕ್ಕರು. ಮತ್ತೆ ಕೇಳಿದರು. ಇವಳು ಮತ್ತೆ ಹೇಳಿದಳು.

ಇದೆಲ್ಲ ನಡೆದದ್ದು ಹೀಗೆಯೇ? ವಾಪಸು ಬರುವಾಗ ಬಸ್ಸಿನಲ್ಲೇ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಆದರೆ ನೆನಪನ್ನು ನಂಬದೆ ಡೈರಿ ಬರೆಯುವವನು ಡೈರಿಯನ್ನಾದರೂ ಹೇಗೆ ನಂಬಲಿ? ಬರೆದವನು ನಾನೇ ತಾನೆ? "ಅವರು ನಗ್ಲಿಲ್ಲ ಅಣ್ಣ, ಕೆಮ್ಮಿದ್ದು," ಎನ್ನುತ್ತಾಳೆ ಜಲಜ. ಇರಬಹುದು. "ಎನಿಬಡೀಸ್" ಎಂದದ್ದು ನಿಜ. ಅದಕ್ಕೆ ಇಬ್ಬರದ್ದೂ ಸಾಕ್ಷಿ ಉಂಟು.

ಇನ್ನೊಂದು ಮಾತೂ ನಿಜ. ನಾನು ಕೊಟ್ಟ ಉತ್ತರ ಅವಳನ್ನು ಏರಿನ ಬುಡದವರೆಗೆ ತಂದು ಕೈಬಿಟ್ಟಿತು. ಅಲ್ಲಿಂದ ಮೇಲಕ್ಕೆ ಅವಳು ತನ್ನ ದಾರಿಯಲ್ಲೇ ಹೋದಳು.

ಮೊನ್ನೆ ಟಪಾಲಿನಲ್ಲಿ ಫಲಿತಾಂಶ ಬಂತು. ಪಾಸು! ಟ್ರೈನಿಂಗ್ ಮುಗಿಸಿ ಬಂದವಳೇ ಸೈಕಲ್ ತೆಗೆದುಕೊಳ್ಳುತ್ತಾಳಂತೆ. ತಳ್ಳುವುದಕ್ಕಲ್ಲ, ಬಿಡುವುದಕ್ಕೆ. ನಮ್ಮ ರಸ್ತೆಯಲ್ಲಿ ಹೆಣ್ಣೊಬ್ಬಳು ಸೈಕಲ್ ಬಿಟ್ಟದ್ದನ್ನು ನಾನಿನ್ನೂ ನೋಡಿಲ್ಲ. ಅಮ್ಮನೂ ನೋಡಿಲ್ಲ.

"ಏರಿನಲ್ಲಿ ತಳ್ಳಲಿಕ್ಕೆ ಊರೇ ಉಂಟು," ಎಂದರು ಅಮ್ಮ. "ಇಳಿಯುವಾಗ ಇವಳನ್ನು ಹಿಡಿಯುವವರು ಯಾರು?"

ಈ ಪ್ರಶ್ನೆಗೆ ನಾನು ಉತ್ತರ ಬರೆದುಕೊಡುವುದಿಲ್ಲ.