ನಾನೇ ಹಾರಿಸುತ್ತೇನೆ, ನಾನೇ ಬೀಳಿಸುತ್ತೇನೆ

ಇಳಕಲ್ಲಿನಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ನಮ್ಮ ಮನೆಯ ಮುಂದಿನ ಕೋಣೆಯೇ ಪಾರ್ಲರ್. ಹುಬ್ಬು ತಿದ್ದಿಸಿಕೊಳ್ಳಲು ಬಂದವರು ಕುರ್ಚಿಗೆ ಒರಗಿ ಕತ್ತು ಮೇಲೆತ್ತಿದರೆ ಮೊದಲು ಕಾಣುವುದು ಕನ್ನಡಿಯ ಮೇಲ್ಗಡೆ ಗೋಡೆಗೆ ತೂಗುಹಾಕಿದ ವಿಮಾನ. ಹಳದಿ ಮೈ, ಕೆಂಪು ರೆಕ್ಕೆ. ರೆಕ್ಕೆ ತುದಿಯಿಂದ ತುದಿಗೆ ನನ್ನ ಎರಡೂ ತೋಳು ಚಾಚಿದಷ್ಟು ಉದ್ದ.

"ಮಗಂದೇನ್ರಿ ಅಕ್ಕಾರ?" ಎಂದು ಕೇಳುತ್ತಾರೆ.

"ಅಲ್ರಿ, ನಂದು."

"ಅಂದ್ರ, ಮಗನ ಸಲುವಾಗಿ ತಂದಿದ್ದಾ?"

"ನನಗ ಮಕ್ಕಳಿಲ್ರಿ. ಅದು ನಂದ. ನಾನ ಹಾರಸ್ತೇನಿ."

ಆಮೇಲೆ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ, "ಹೌದ ಬಿಡ್ರಿ, ಮನಸಿಗೆ ಏನರ ಬೇಕಲ್ಲ" ಎನ್ನುತ್ತಾರೆ. ನನಗೆ ಮೈ ಉರಿಯುವುದು ಈ ಮಾತಿಗೆ. ಆದರೆ ಆಗ ಹಲ್ಲಿನಲ್ಲಿ ದಾರ ಕಚ್ಚಿಕೊಂಡಿರುತ್ತೇನೆ, ಉತ್ತರ ಕೊಡಲು ಆಗುವುದಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಲ್ಲದ್ದಕ್ಕೆ ನಾನು ವಿಮಾನ ಹಾರಿಸುತ್ತಿಲ್ಲ. ಮಕ್ಕಳಿದ್ದಿದ್ದರೂ ಹಾರಿಸುತ್ತಿದ್ದೆ. ಅವರನ್ನೂ ಬಿಸಿಲಿನಲ್ಲಿ ನಿಲ್ಲಿಸಿಕೊಂಡು ಹಾರಿಸುತ್ತಿದ್ದೆ.

ಶುರುವಾದದ್ದು ಬಾದಾಮಿಯಲ್ಲಿ. ಶಿವಯೋಗ ಮಂದಿರದ ಕಡೆಯ ಒಂದು ಮನೆಯಲ್ಲಿ ಮದುಮಗಳಿಗೆ ಶೃಂಗಾರ ಮಾಡಿ, ಮೇಕಪ್ಪಿನ ಪೆಟ್ಟಿಗೆ ಹಿಡಿದುಕೊಂಡು ಟೆಂಪೊದಲ್ಲಿ ವಾಪಸಾಗುತ್ತಿದ್ದೆ. ಬಾದಾಮಿ ಇನ್ನೂ ದೂರವಿರುವಾಗ ಟೆಂಪೊದ ಗಾಲಿ ಪಂಕ್ಚರ್ ಆಯಿತು. ಎಲ್ಲರೂ ಇಳಿದು ನಿಂತೆವು. ರಸ್ತೆಯ ಪಕ್ಕದ ಗುಡ್ಡದ ಅಂಚಿನ ಮೇಲೆ ಹದ್ದೊಂದು ರೆಕ್ಕೆ ಬಡಿಯದೆ ನಿಂತಲ್ಲೇ ನಿಂತಿತ್ತು. ಎಷ್ಟು ಹೊತ್ತು ನೋಡಿದರೂ ಅದು ರೆಕ್ಕೆ ಬಡಿಯಲಿಲ್ಲ. ಆಮೇಲೆ ಅದು ಬಿಸಿಲಿಗೆ ಹೊರಳಿ ಬೆಳ್ಳಗೆ ಹೊಳೆದಾಗ ಗೊತ್ತಾಯಿತು, ಹದ್ದಲ್ಲ, ಆಟದ ವಿಮಾನ. ಕೆಳಗೆ ಬಂಡೆಯ ಮೇಲೆ ಟೋಪಿ ಹಾಕಿಕೊಂಡ ಮುದುಕರೊಬ್ಬರು ಕೈಯಲ್ಲಿ ರಿಮೋಟ್ ಹಿಡಿದು ನಿಂತಿದ್ದರು.

ಗಾಲಿ ಬದಲಾಗುವಷ್ಟರಲ್ಲಿ ನಾನು ಗುಡ್ಡ ಹತ್ತಿದ್ದೆ. ಅವರು ಐಟಿಐಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮಾಸ್ತರರು. ಆ ವಿಮಾನಕ್ಕೆ ಮೋಟರೇ ಇರಲಿಲ್ಲ. ಗುಡ್ಡಕ್ಕೆ ಬಡಿದು ಮೇಲೇರುವ ಗಾಳಿಯೇ ಅದನ್ನು ಎತ್ತಿ ಹಿಡಿದಿತ್ತು.

"ಇದನ್ನ ಕಲೀಬೇಕಂದ್ರ ಎಷ್ಟ ಓದಿರಬೇಕ್ರಿ ಸರ್?" ಎಂದು ಕೇಳಿದೆ.

"ಓದೇನ ಬ್ಯಾಡವ್ವಾ" ಎಂದರು, ಕಣ್ಣು ಮೇಲಿಂದ ಇಳಿಸದೆ. "ಮಾಡಿದ್ದನ್ನ ಮುರಕೊಳ್ಳಾಕ ಧೈರ್ಯ ಬೇಕ ನೋಡು. ಐತೇನು?"

"ಐತ್ರಿ" ಎಂದೆ. ಆಗ ಇತ್ತೋ ಇಲ್ಲವೋ ಗೊತ್ತಿಲ್ಲ, ಅಂದುಬಿಟ್ಟೆ.

ಭಾನುವಾರ ಬೆಳಿಗ್ಗೆ ಪಾರ್ಲರ್ ಮುಚ್ಚಲು ಶುರುಮಾಡಿದೆ. ಗಿರಾಕಿ ಹೆಚ್ಚು ಬರುವ ದಿನವೇ ಬಾಗಿಲು ಹಾಕುತ್ತಾಳೆ, ತಲೆ ಕೆಟ್ಟಿದೆ ಎಂದು ಓಣಿಯವರು ಆಡಿಕೊಂಡರು. ಬಸ್ಸು ಹಿಡಿದು ಬಾದಾಮಿಗೆ ಹೋಗುತ್ತಿದ್ದೆ. ಫೋಮ್ ಶೀಟು ಕತ್ತರಿಸುವುದು, ರೆಕ್ಕೆಗೆ ಬಾಗು ಕೊಡುವುದು, ಮೋಟರು ಕೂಡಿಸುವುದು, ಎಲ್ಲಾ ಮಾಸ್ತರರ ಮನೆಯ ಅಂಗಳದಲ್ಲೇ ಕಲಿತೆ. ಹಾರಿಸುವುದು ಮಾತ್ರ ಊರ ಹೊರಗೆ, ಗುಡಿ ಗವಿಗಳಿಂದ ದೂರ, ಜೋಳ ಕೊಯ್ದ ಹೊಲದಲ್ಲಿ.

ಹೊಸಬರಿಗೆ ಕಷ್ಟವಾಗುವುದು ವಿಮಾನ ನಮ್ಮಿಂದ ದೂರ ಹೋಗುವಾಗ ಅಲ್ಲ, ತಿರುಗಿ ನಮ್ಮ ಕಡೆ ಬರುವಾಗ. ಆಗ ಅದರ ಎಡ ನಮ್ಮ ಬಲವಾಗುತ್ತದೆ. ಎಡಕ್ಕೆ ತಿರುಗಿಸಲು ಹೋಗಿ ಬಲಕ್ಕೆ ತಿರುಗಿಸಿ ನೆಲಕ್ಕೆ ಬಡಿಯುತ್ತಾರೆ. ನನಗೆ ಅದು ಒಮ್ಮೆಯೂ ತೊಡಕಾಗಲಿಲ್ಲ. ಮಾಸ್ತರರು ಬೆರಗಾದಾಗ, "ಸರ್, ನಾ ದಿನಾ ಮಂದಿ ಮಾರಿ ಕನ್ನಡಿಯೊಳಗ ನೋಡೇ ಕೆಲಸ ಮಾಡಾಕಿ" ಎಂದೆ. ಅವರು ಜೋರಾಗಿ ನಕ್ಕರು. ಆದರೆ ಇಳಿಸುವುದು ಬಹಳ ದಿನ ಬರಲಿಲ್ಲ. ಎಷ್ಟು ಸಲ ವಿಮಾನದ ಮೂಗು ಮುರಿದೆನೋ, ಅಷ್ಟು ಸಲ ಅಂಟಿಸಿದೆ.

ಮನೆಯಲ್ಲಿ ನನ್ನ ಗಂಡ ಬೇಕೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಅವರ ಕೆಲಸ. ಇಡೀ ದಿನ ಯಂತ್ರದ ಸದ್ದು ಕೇಳಿ ಬಂದವರಿಗೆ ಮನೆಯಲ್ಲಿ ಮಾತು ಬೇಡ. ಒಮ್ಮೊಮ್ಮೆ ಬೈಕಿನಲ್ಲಿ ಹುನಗುಂದದ ಕಡೆಯ ಖಾಲಿ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹಿಂದೆ ಕೂತು ರೆಕ್ಕೆಯನ್ನು ಅಡ್ಡ ಹಿಡಿದರೆ ಬೈಕು ಒಂದು ಮಗ್ಗುಲಿಗೆ ಎಳೆಯುತ್ತಿತ್ತು.

"ಏ, ಉದ್ದಕ ಹಿಡಿ ಅದನ್ನ" ಎಂದು ಕೂಗುತ್ತಿದ್ದರು. "ಇಲ್ಲಾಂದ್ರ ಇಬ್ರೂ ಹಾರ್ತೀವಿ!"

ಬೇಡವೆಂದವರು ನಮ್ಮ ಭಾವ, ಗಂಡನ ಅಣ್ಣ. ಅವರು ಸಂಸಾರದೊಂದಿಗೆ ಅದೇ ಮನೆಯ ಮಹಡಿಯ ಮೇಲಿದ್ದಾರೆ. ಮದುವೆಯಾಗಿ ಬಂದಾಗಿನಿಂದ ನನ್ನ ಜೊತೆ ನೇರ ಮಾತಾಡಿದವರಲ್ಲ. ನಾನು ಎದುರಿಗೇ ನಿಂತಿದ್ದರೂ ತಮ್ಮನಿಗೆ ಹೇಳುವರು: "ಅಕಿಗೆ ಹೇಳು, ನಾಕ ಮಂದಿ ನಗೂ ಹಂಗ ಮಾಡಬಾರದು."

ಕೈ ಕುದುರಿದ ಮೇಲೆ ಮಾಸ್ತರರು ಬಾಗಲಕೋಟೆಗೆ ಹೋಗಲು ಹೇಳಿದರು. ನವನಗರದ ಆಚೆಯ ಬಯಲಿನಲ್ಲಿ ಹವ್ಯಾಸಿಗಳ ಗುಂಪೊಂದು ಭಾನುವಾರ ಸೇರುತ್ತದೆ. ಎಲ್ಲರೂ ಗಂಡಸರು. ಬೈಕಿನ ಬಿಡಿಭಾಗಗಳ ಅಂಗಡಿಯವನೊಬ್ಬ ಅವರ ಮುಂದಾಳು. ನಾವು ಗಂಡ ಹೆಂಡತಿ ಬೈಕಿನಿಂದ ಇಳಿದ ಕೂಡಲೇ ಅವನು ನನ್ನ ಗಂಡನ ಕೈ ಕುಲುಕಿ, "ಬರ್ರಿ ಸಾಹೇಬ್ರ, ಯಾವ ಮೋಟರ್ ಹಾಕೀರಿ?" ಎಂದು ಕೇಳಿದ. ನನಗೆ, "ಅಕ್ಕಾರ, ನೀವು ಅಲ್ಲಿ ನೆಳ್ಳಾಗ ಕುಂದರ್ರಿ" ಎಂದ.

"ನಂಗೇನೂ ಗೊತ್ತಿಲ್ಲಪಾ" ಎಂದರು ನನ್ನ ಗಂಡ. "ಅಕೀನ್ನ ಕೇಳು." ನೆರಳಿಗೆ ಹೋಗಿ ಕೂತವರು ಅವರೇ.

ಆ ಗುಂಪಿನ ಒಂದು ರೂಢಿ ನನಗೆ ನೋಡಿದ ಕೂಡಲೇ ಹಿಡಿಸಿತು. ಯಾರದಾದರೂ ವಿಮಾನ ನೆಲಕ್ಕೆ ಬಡಿದರೆ ಎಲ್ಲರೂ ಒಟ್ಟಿಗೆ "ಭೂಮಿಪೂಜಿ ಆತೋ!" ಎಂದು ಕೂಗುತ್ತಿದ್ದರು. ಕೆಡವಿದವನು ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಬೇಕು. ಅವನ ಹೆಬ್ಬೆರಳು, ಅವನ ಕಣ್ಣು, ಅವನ ಮಾವನ ಮನೆಯವರು, ಯಾರನ್ನೂ ಬಿಡದೆ ಹೀಯಾಳಿಸುತ್ತಿದ್ದರು. ಅವನೂ ನಗುತ್ತ ಚೂರು ಆರಿಸಿಕೊಳ್ಳುತ್ತಿದ್ದ.

ನನ್ನ ಸರದಿ ಬಂತು. ಏರಿದೆ, ಸುತ್ತು ಹಾಕಿದೆ, ಚೆನ್ನಾಗಿಯೇ ಹಾರಿಸಿದೆ. ಇಳಿಸುವಾಗ ಅಡ್ಡಗಾಳಿ ಬೀಸಿತು. ಗಾಬರಿಯಲ್ಲಿ ವೇಗ ಬಹಳ ಇಳಿಸಿಬಿಟ್ಟೆ. ವೇಗವಿಲ್ಲದ ವಿಮಾನವನ್ನು ಗಾಳಿ ಹೊರುವುದಿಲ್ಲ. ಒಂದು ರೆಕ್ಕೆ ಸೋತು, ತಲೆಕೆಳಗಾಗಿ ಬಿತ್ತು. ಸದ್ದು ನಾವು ನಿಂತಲ್ಲಿಯವರೆಗೆ ಕೇಳಿಸಿತು.

ಯಾರೂ ಕೂಗಲಿಲ್ಲ.

ಇಬ್ಬರು ಓಡಿ ಹೋಗಿ ಚೂರುಗಳನ್ನೆಲ್ಲ ಆರಿಸಿ ತಂದು, ಸತ್ತ ಹಕ್ಕಿಯ ಹಾಗೆ ನನ್ನ ಮುಂದೆ ಇಟ್ಟರು. "ಗಾಳಿ ಜಾಸ್ತಿ ಇತ್ತ ಬಿಡ್ರಿ ಅಕ್ಕಾರ" ಎಂದ ಒಬ್ಬ. ಅಂಗಡಿಯವನು, "ಮುಂದಿನ ಸರ್ತಿ ಸಣ್ಣದೊಂದು ತರ್ರಿ, ನಿಮಗ ಅದ ಸಾಕು" ಎಂದ. ಭಜಿ ನಾನು ಕೊಡಿಸುತ್ತೇನೆಂದರೆ, "ಛೇ ಛೇ, ನೀವ್ಯಾಕ್ರಿ?" ಎಂದು ತಾನೇ ತರಿಸಿ, ಮೊದಲ ತಟ್ಟೆಯನ್ನು ನನಗೇ ಕೊಟ್ಟ. ಆ ತಟ್ಟೆಯನ್ನು ಹಾಗೇ ಪಕ್ಕಕ್ಕಿಟ್ಟೆ. ಕೆಟ್ಟವರಲ್ಲ ಅವರು. ಒಳ್ಳೆಯವರೇ. ಆದರೆ ತಮ್ಮೊಳಗೆ ಒಬ್ಬನಿಗೆ ಕೊಡುವ ನಗೆಯನ್ನು ನನಗೆ ಕೊಡಲಿಲ್ಲ. ನಕ್ಕಿದ್ದರೆ ನಾನು ಅವರಲ್ಲಿ ಒಬ್ಬಳಾಗುತ್ತಿದ್ದೆ. ಕನಿಕರಪಟ್ಟು ಅತಿಥಿಯನ್ನಾಗಿ ಮಾಡಿಬಿಟ್ಟರು.

ಮನೆಗೆ ಬಂದಾಗ ಭಾವ ಮೆಟ್ಟಿಲ ಮೇಲೆ ನಿಂತಿದ್ದರು. ನನ್ನ ಕೈಯಲ್ಲಿದ್ದ ಮುರುಕು ನೋಡಿದರು. "ಮುರೀತೇನು? ಚಲೋ ಆತು. ಇಲ್ಲಿಗಿ ಸಾಕು ಅಂತ ಹೇಳಕಿಗಿ" ಎಂದು ತಮ್ಮನಿಗೆ ಹೇಳಿ ಮೇಲೆ ಹೋದರು.

ಮರುದಿನವೇ ರಿಪೇರಿಗೆ ಕೂತೆ. ಗಿರಾಕಿಗಳ ಮುಖಕ್ಕೆ ಫೇಸ್‌ಪ್ಯಾಕ್ ಹಚ್ಚಿ ಒಣಗಲು ಬಿಟ್ಟಾಗ ಒಂದೊಂದು ಚೂರು ಅಂಟಿಸುತ್ತಿದ್ದೆ.

ವಿಮಾನ ಮತ್ತೆ ವಿಮಾನದಂತಾಗುವ ಹೊತ್ತಿಗೆ ಭಾವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಸುದ್ದಿ ಬಂತು. ಬರುವುದು ಭಾನುವಾರ ಬೆಳಿಗ್ಗೆ. "ಬೀಗರು ಬರೂದ್ರೊಳಗ ಗ್ವಾಡಿ ಮ್ಯಾಲಿಂದ ಅದನ್ನ ತಗದ ಇಡಾಕ ಹೇಳು" ಎಂದರು ಭಾವ, ತಮ್ಮನಿಗೆ.

ನಾನೇ ಉತ್ತರ ಕೊಟ್ಟೆ. "ಭಾವಾರ, ಅದೇನ ಕದ್ದ ಮಾಲಲ್ಲ. ನೋಡವರು ನೋಡ್ಲಿ."

ಅಷ್ಟು ವರ್ಷಗಳಲ್ಲಿ ಅವರಿಗೆ ಎದುರು ನಿಂತು ಹೇಳಿದ ಮೊದಲ ಮಾತು ಅದು. ಅವರು ತಮ್ಮನ ಕಡೆ ನೋಡಿದರು. ನನ್ನ ಗಂಡ ಉಣ್ಣುತ್ತಿದ್ದ ರೊಟ್ಟಿ ಮುರಿಯುತ್ತ, "ಅದು ಅಕೀದಪಾ ಅಣ್ಣ. ನಾ ಏನ ಹೇಳ್ಲಿ?" ಎಂದರು.

ಭಾನುವಾರ ಹುಡುಗಿಗೆ ನಾನೇ ಜಡೆ ಹಾಕಿ, ಇಳಕಲ್ ಸೀರೆ ಉಡಿಸಿ, ಹಚ್ಚಿದ್ದು ಕಾಣದ ಹಾಗೆ ಮೇಕಪ್ ಮಾಡಿದೆ. "ನಾ ಬಾಗಲಕೋಟಿಗೆ ಹೋಗೂದೈತಿ, ಇರಬೇಕಂದ್ರ ಇರ್ತೇನಿ" ಎಂದೆ.

"ಹೋಗ ಚಿಗವ್ವಾ" ಎಂದಳು ಅವಳು. "ನೀ ಹಿಂಗ ಮಾರಿ ನೋಡ್ಕೋತ ನಿಂತ್ರ ನಂಗ ಮತ್ತಷ್ಟ ಅಂಜಿಕಿ ಬರ್ತೈತಿ."

ಪಾರ್ಲರಿಗೆ ಬಂದು ನೋಡಿದರೆ ಗೋಡೆ ಖಾಲಿ. ಭಾವನೇ ಇಳಿಸಿ, ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ಮರೆಗೆ ಇಟ್ಟಿದ್ದರು. ಆ ಕೋಣೆಯಿಂದ ಹೊರಬರಲು ಪಡಸಾಲೆ ದಾಟಲೇಬೇಕು. ಪಡಸಾಲೆಯ ತುಂಬ ಬೀಗರು ಕೂತಾಗಿತ್ತು. ಒಂದು ಕ್ಷಣ ಕೋಣೆಯೊಳಗೇ ನಿಂತೆ. ಅವರು ಹೋದ ಮೇಲೆ ಹೊರಟರಾಯಿತು ಎಂದೂ ಅನ್ನಿಸಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ವಿಮಾನ ಎತ್ತಿಕೊಂಡು ಅವರ ನಡುವೆಯೇ ಹೊರಟೆ.

ಗಂಡಿನ ಅಜ್ಜಿ ಬಾಗಿಲ ಬಳಿ ಕಾಲು ಚಾಚಿ ಕೂತಿದ್ದರು. "ಏನವ್ವಾ ಅದು?"

"ವಿಮಾನರಿ ಯವ್ವಾ."

"ಯಾರ ಹಾರಿಸ್ತಾರ?"

"ನಾನರಿ."

ಅಜ್ಜಿ ನನ್ನನ್ನೂ ವಿಮಾನವನ್ನೂ ನೋಡಿದರು. ಮೆಚ್ಚಲೂ ಇಲ್ಲ, ಹಳಿಯಲೂ ಇಲ್ಲ. ಕಾಲು ಮಡಚಿಕೊಂಡು, "ಹುಷಾರವ್ವಾ, ಬಾಗಲಾ ಸಣ್ಣದೈತಿ" ಎಂದರು. ಆ ಸಂಬಂಧ ಅವತ್ತೇ ಕುದುರಿತು ಎಂದು ಆಮೇಲೆ ತಿಳಿಯಿತು. ನನ್ನ ವಿಮಾನದಿಂದ ಕೂಡಲಿಲ್ಲ, ಅದರಿಂದ ಮುರಿಯಲೂ ಇಲ್ಲ.

ಗಂಡ ಬೀಗರ ಜೊತೆ ಇರಬೇಕಾಗಿತ್ತು. ಒಬ್ಬಳೇ ಬಸ್ಸು ಹತ್ತಿದೆ. "ಇದಕ್ಕ ಅರ್ಧಾ ಟಿಕೀಟ್ ಮಾಡ್ಲೇನ್ರಿ?" ಎಂದ ಕಂಡಕ್ಟರ್. "ಅದರ ಪಾಡಿಗೆ ಅದ ಹಾರಿ ಬರ್ತಿತ್ತರಿ, ನಿಮಗ ವ್ಯಾಪಾರ ಆಗ್ಲಿ ಅಂತ ತಂದೇನಿ" ಎಂದೆ. ಬಸ್ಸೆಲ್ಲ ನಕ್ಕಿತು.

ಬಾಗಲಕೋಟೆ ಬಯಲು ಮುಟ್ಟುವಾಗ ಹೊತ್ತೇರಿ ಗಾಳಿ ಎದ್ದಿತ್ತು. ಕೆಲವರು ಆಗಲೇ ಗಂಟು ಕಟ್ಟುತ್ತಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಇವತ್ತ ನಾ ಕೆಡವಿದ್ರ ಯಾರೂ ಓಡಿ ಬರಬಾರದು. ನನ್ನ ಚೂರು ನಾನ ಆರಸ್ಕೋತೇನಿ. ಮತ್ತ ನೀವು ನಗಬೇಕು. ನಗಾಕ ಬರ್ಲಿಲ್ಲಂದ್ರ ನಾ ಬ್ಯಾರೆ ಊರಿನ ಮಂದಿ ಹುಡಿಕ್ಕೋತೇನಿ."

ಮುಖ ಮುಖ ನೋಡಿಕೊಂಡರು.

ಮೊದಲ ಹಾರಾಟ ಚೆನ್ನಾಗಾಯಿತು. ಗಾಳಿಗೆ ಎದುರಾಗಿ ನಿಧಾನ ಇಳಿಸಿದೆ, ಗಾಲಿ ಮೆತ್ತಗೆ ನೆಲ ಮುಟ್ಟಿತು. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು, ಶಾಲೆಯ ಮಕ್ಕಳಿಗೆ ತಟ್ಟುವ ಹಾಗೆ. ಬ್ಯಾಟರಿ ಬದಲಿಸಿ ಮತ್ತೆ ಏರಿಸಿದೆ. ಈ ಸಲ ಧೈರ್ಯ ಜಾಸ್ತಿಯಾಗಿತ್ತು. ತಗ್ಗಿನಲ್ಲಿ ರಭಸದಿಂದ ತಿರುಗಿಸಲು ಹೋದೆ. ಗಾಳಿ ಹಿಂದಿನಿಂದ ದೂಡಿತು. ವಿಮಾನ ನೇರ ಹೋಗಿ ಬಯಲಿನ ಅಂಚಿನ ಜಾಲಿ ಗಿಡದೊಳಗೆ ಹೊಕ್ಕಿತು.

ಈ ಸಲ ಯಾರೂ ಓಡಲಿಲ್ಲ, ಆದರೆ ಕೂಗಲೂ ಇಲ್ಲ. ನಾನು ರಿಮೋಟ್ ಕೆಳಗಿಟ್ಟು ಗಿಡದ ಕಡೆ ಹೊರಟೆ. ಆಗ ಅಂಗಡಿಯವನು ಗಂಟಲು ಸರಿಮಾಡಿಕೊಂಡ.

"ಅಕ್ಕಾರ," ಎಂದ, ಅಳುಕುತ್ತಲೇ, "ಜಾಲಿ ಗಿಡಕ್ಕ ಹುಬ್ಬ ತಗಿಯಾಕ ಹೋಗಿದ್ರೇನು?"

ಯಾರೋ ಫಕ್ಕನೆ ನಕ್ಕರು. ಆಮೇಲೆ ಎಲ್ಲರೂ. "ಭೂಮಿಪೂಜಿ ಅಲ್ಲೋ, ಇದು ಗಿಡದ ಪೂಜಿ!" ಎಂದು ಒಬ್ಬ ಕೂಗಿದ. ನನಗೂ ನಗು ತಡೆಯಲಾಗಲಿಲ್ಲ. "ನಿನ್ನ ಹುಬ್ಬಿಗಿಂತ ಆ ಗಿಡಾನ ಚಂದೈತಿ ಬಿಡಪಾ" ಎಂದೆ ಅಂಗಡಿಯವನಿಗೆ. ಮುಳ್ಳಿನೊಳಗೆ ನಾನೇ ಕೈ ಹಾಕಿ ವಿಮಾನ ಬಿಡಿಸಿ ತಂದೆ. ಮೊಣಕೈತನಕ ಗೀರು ಬಿತ್ತು. ಭಜಿಗೆ ನಾನೇ ಹೇಳಿದೆ, ಒಬ್ಬರೂ ಬೇಡ ಅನ್ನಲಿಲ್ಲ. ಅಂಗಡಿಯವನಂತೂ ನಾಚಿಕೆಯಿಲ್ಲದೆ ಎರಡನೇ ತಟ್ಟೆ ತರಿಸಿಕೊಂಡ. ಅದನ್ನು ನೋಡಿ ಹೊಟ್ಟೆ ತುಂಬಿತು.

ಆಗಿನಿಂದ ತಪ್ಪದೆ ಹೋಗುತ್ತೇನೆ. ಯಾರೂ ನೆರಳು ತೋರಿಸುವುದಿಲ್ಲ. ರಿಮೋಟ್ ಕೈಗೆ ಬಂದರೆ ಯಾರ ಸರದಿ ಎಂದು ನನ್ನೊಡನೆಯೂ ಜಗಳಾಡುತ್ತಾರೆ. ಬಾದಾಮಿಯ ಮಾಸ್ತರರಿಗೆ ಈಗ ಗುಡ್ಡ ಹತ್ತಲು ಆಗುವುದಿಲ್ಲ. ನಾನು ಮೇಲೆ ನಿಂತು ಅವರ ವಿಮಾನ ಗಾಳಿಗೆ ಬಿಡುತ್ತೇನೆ, ಅವರು ಕೆಳಗೆ ಕುರ್ಚಿಯಲ್ಲಿ ಕೂತು ಹಾರಿಸುತ್ತಾರೆ, ಮತ್ತು ನಾನು ಬಿಟ್ಟ ರೀತಿ ಸರಿಯಿಲ್ಲವೆಂದು ಫೋನಿನಲ್ಲಿ ಬೈಯುತ್ತಾರೆ.

ಭಾವ ಈಗ ತಮ್ಮನ ಮೂಲಕವೂ ಏನೂ ಹೇಳಿಸುವುದಿಲ್ಲ. ಇರಲಿ.

ಇತ್ತೀಚೆಗೆ ಪೆಟ್ರೋಲ್ ಎಂಜಿನ್ ಇರುವ ವಿಮಾನ ಕಟ್ಟುತ್ತಿದ್ದೇನೆ. ಗುಂಪಿನವರೆಲ್ಲ ಬೇಡವೆಂದರು. ಬ್ಯಾಟರಿಯದು ಸ್ವಚ್ಛ, ಸದ್ದಿಲ್ಲ, ಕೈಗೆ ಎಣ್ಣೆ ಹತ್ತುವುದಿಲ್ಲ ಎಂದರು. ನಿಜವೇ. ಆದರೆ ನನಗೆ ಸದ್ದು ಬೇಕು. ಹೋದ ವಾರ ಎಂಜಿನ್ ಕೂಡಿಸಿದ್ದು ಮುಗಿಯಿತು. ಚೆನ್ನಾಗಿ ಬೆಳಕಾದ ಮೇಲೆ, ಓಣಿಯೆಲ್ಲ ಎದ್ದ ಮೇಲೆ, ಅಂಗಳದಲ್ಲಿ ವಿಮಾನವನ್ನು ಕಲ್ಲಿಗೆ ಕಟ್ಟಿ ಶುರುಮಾಡಿದೆ. ಎರಡು ಸಲ ಕೆಮ್ಮಿ, ಹೊಗೆ ಉಗುಳಿ, ಹೊತ್ತಿಕೊಂಡಿತು. ಹಲ್ಲುಜ್ಜುತ್ತಿದ್ದ ನನ್ನ ಗಂಡ ಎರಡೂ ಕಿವಿ ಮುಚ್ಚಿಕೊಂಡು ನಕ್ಕರು. ಮಹಡಿಯ ಕಿಟಕಿ ಧಡ್ ಎಂದು ಮುಚ್ಚಿತು. ನಾನು ತಲೆ ಎತ್ತಿ ಆ ಕಿಟಕಿಯನ್ನೊಮ್ಮೆ ನೋಡಿ, ಎಂಜಿನ್ನಿಗೆ ಇನ್ನಷ್ಟು ವೇಗ ಕೊಟ್ಟೆ.