ಕುಂಕುಮವೆಂದುಕೊಂಡ ತುಕ್ಕು

ಕೆಲವು ವರ್ಷಗಳ ಹಿಂದಿನ ಮಾತು. ಚೆನ್ನೈಯಲ್ಲಿ ನಾನಾಗ ಹಾಯಿದೋಣಿಗಳ ಸರ್ವೇಯರ್ ಆಗಿದ್ದೆ. ದೋಣಿ ಸಮುದ್ರಕ್ಕಿಳಿಯಲು ಯೋಗ್ಯವೇ ಎಂದು ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ. ನೆಟ್ಟಗಿರುವುದನ್ನೂ ಬಿಚ್ಚಿಸುವ ಹೆಂಗಸು ಎಂಬ ಹೆಸರು ಬಂದಿತ್ತು. ಬರಲಿ ಬಿಡಿ, ನನಗೇನೂ ಬೇಜಾರಿರಲಿಲ್ಲ.

ಪೊಂಗಲ್ ಕಳೆದ ಮೇಲೆ ಶ್ರೀಧರರಾಯರು ಕರೆಸಿಕೊಂಡರು. ಮೈಸೂರಿನವರು, ರೈಲ್ವೆಯಿಂದ ನಿವೃತ್ತರು, ಬೆಸೆಂಟ್ ನಗರದಲ್ಲಿ ನಮ್ಮ ಹಿಂದಿನ ಬೀದಿಯವರು. ಅವರ ಮಗಳು ಮೇಘನಾ ಅಪ್ಪನ ದೋಣಿಯನ್ನು ಮೊದಲ ಬಾರಿಗೆ ಒಬ್ಬಳೇ ಪುದುಚೇರಿಯವರೆಗೆ ನಡೆಸಲಿದ್ದಳು. ಭಾನುವಾರ ಪ್ರಯಾಣ. ಅದಕ್ಕೆ ನನ್ನ ಒಪ್ಪಿಗೆಯೊಂದು ಬಾಕಿ.

ದೋಣಿ ಮದುವಣಗಿತ್ತಿಯ ಹಾಗಿತ್ತು. ಪ್ರತಿವರ್ಷ ಆಯುಧಪೂಜೆಗೆ ರಾಯರು ಅದನ್ನು ತೊಳೆಸಿ, ಡೆಕ್ಕಿನ ಮೇಲಿನ ಲೋಹದ ಭಾಗಗಳ ಸುತ್ತ ನೀರಿಳಿಯದಂತೆ ಸಂದಿ ಮುಚ್ಚುವ ಬಿಳಿ ಸೀಲೆಂಟನ್ನು ಹೊಸದಾಗಿ ಮೆತ್ತಿಸಿ, ಒಂದೊಂದಕ್ಕೂ ಕುಂಕುಮ ಇಡುತ್ತಿದ್ದರು. ಎಡಬದಿಯ ಚೈನ್‌ಪ್ಲೇಟಿನ ಬುಡದಲ್ಲಿ ಕೆಂಪು ಗೆರೆಯೊಂದು ಇಳಿದಿತ್ತು. ಹಾಯಿಯ ಕಂಬ ಬೀಳದಂತೆ ಬಿಗಿಹಿಡಿಯುವ ತಂತಿಗಳನ್ನು ದೋಣಿಯ ಒಡಲಿಗೆ ಕಟ್ಟುವ ಸ್ಟೀಲ್ ಪಟ್ಟಿಯೇ ಚೈನ್‌ಪ್ಲೇಟ್. ಅದು ಡೆಕ್ಕನ್ನು ತೂರಿಕೊಂಡು ಕೆಳಗಿಳಿದಿರುತ್ತದೆ.

“ಅದು ಪೂಜೆ ಕುಂಕುಮ ಕಣಮ್ಮಾ, ಮಳೆಗೆ ಇಳಿದಿದೆ ಅಷ್ಟೆ,” ಎಂದರು ರಾಯರು.

ನಾನು ಕ್ಯಾಬಿನ್ನಿಗೆ ಇಳಿದೆ. ಮೇಘನಾ ಮಲಗಬೇಕಿದ್ದ ಹಾಸಿಗೆಯ ಪಕ್ಕದ ಗೋಡೆಯ ಮೇಲೂ ಅದೇ ಕೆಂಪು ಗೆರೆ. ಮುಟ್ಟಿದರೆ ತೇವ.

“ಇಲ್ಲಿ ಯಾರು ಪೂಜೆ ಮಾಡಿದ್ರು, ರಾಯರೇ?”

ರಾಯರಿಗೆ ಸಿಟ್ಟು ಬಂತು. “ಸ್ಟೇನ್‌ಲೆಸ್ ಸ್ಟೀಲಿಗೆ ಎಲ್ಲಾದ್ರೂ ತುಕ್ಕು ಹಿಡಿಯತ್ತೇನಮ್ಮಾ? ಭಾನುವಾರ ಹುಡುಗಿ ಹೊರಡಬೇಕು. ಈಗ ಬಿಚ್ಚಿಹಾಕಿದ್ರೆ ಸೇರಿಸೋರು ಯಾರು?”

ಹಿಡಿಯುತ್ತದೆ. ಆ ಸ್ಟೀಲನ್ನು ಕಾಯುವುದು ಗಾಳಿ. ಉಪ್ಪುನೀರು ಸಂದಿಯಲ್ಲಿ ಸೇರಿ, ಗಾಳಿಯಾಡದೆ ನಿಂತರೆ ಒಳಗೊಳಗೇ ತಿನ್ನುತ್ತದೆ. ಹಳೆಯದನ್ನು ಕೆರೆಯದೆ ವರ್ಷವರ್ಷವೂ ಮೇಲೆ ಮೆತ್ತಿದ ಸೀಲೆಂಟ್ ಎಲ್ಲೋ ಬಿರುಕುಬಿಟ್ಟು ನೀರನ್ನು ಒಳಗೆ ಬಿಟ್ಟುಕೊಂಡಿತ್ತು, ಆರಲು ಮಾತ್ರ ಬಿಟ್ಟಿರಲಿಲ್ಲ. ಇಷ್ಟು ಹೇಳಿದರೂ ರಾಯರು ಮುಖ ತಿರುಗಿಸಿ ನಿಂತರು. ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಮೇಘನಾ ತಮಿಳಿನಲ್ಲೇ ಅಂದಳು: “ಕಳಟ್ಟುಂಗ ಆಂಟಿ.” ಬಿಚ್ಚಿ ಎಂದರ್ಥ. ಸಮುದ್ರಕ್ಕೆ ಹೋಗುವವಳೇ ಹೇಳಿದ ಮೇಲೆ ಇನ್ನೇನು?

ಕಂಬಕ್ಕೆ ಬೇರೆ ಹಗ್ಗದ ಆಸರೆ ಕೊಟ್ಟು, ಸೀಲೆಂಟ್ ಕೆರೆದು, ಬೋಲ್ಟ್ ಬಿಚ್ಚಿದೆವು. ಪಟ್ಟಿಯನ್ನು ಎಳೆಯಲು ಕೊಂಚ ತಿರುಚಿದ್ದೇ ತಡ, ಡೆಕ್ಕಿನೊಳಗೆ ಹುದುಗಿದ್ದ ಜಾಗದಲ್ಲಿ ಲಟಕ್ಕನೆ ಮುರಿದು ಅರ್ಧ ನನ್ನ ಕೈಗೆ ಬಂತು. ಮೇಲ್ತುದಿ ಫಳಫಳ, ಮುರಿದ ಬಾಯಿ ಕಪ್ಪು. ಸಮುದ್ರದ ನಡುವೆ ಗಾಳಿ ಜೋರಾಗಿದ್ದರೆ ಕಂಬವೇ ಆ ಹುಡುಗಿಯ ಮೇಲೆ ಬೀಳುತ್ತಿತ್ತು. ರಾಯರು ಮಗಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಭಾನುವಾರದ ಪ್ರಯಾಣ ನಿಂತಿತು. ಎಲ್ಲ ಪಟ್ಟಿಗಳನ್ನೂ ಬದಲಿಸಿದ ಮೇಲೆ, ಬೇಸಿಗೆಗೆ ಮುಂಚೆ ಮೇಘನಾ ಪುದುಚೇರಿಗೆ ಹೋಗಿಬಂದಳು. ಸೋರುವುದನ್ನು ಮೇಲಿನಿಂದ ಮುಚ್ಚಬಾರದು, ಬಿಚ್ಚಿ ನೋಡಬೇಕು. ನನ್ನ ಕೆಲಸ ಕಲಿಸಿದ ಪಾಠ ಇಷ್ಟೇ, ಆದರೆ ಜನರನ್ನು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು.

ಮುಂದಿನ ಆಯುಧಪೂಜೆಗೆ ರಾಯರು ನನ್ನನ್ನೂ ಕರೆದಿದ್ದರು. ದೋಣಿಯ ಮೇಲೆ ಹೂವಿತ್ತು, ಗಂಧವಿತ್ತು, ಕೆಂಪು ಎಲ್ಲಿಯೂ ಇರಲಿಲ್ಲ. ಕೇಳಿದೆ.

“ದೋಣಿ ಮೇಲೆ ಕೆಂಪು ಕಂಡ್ರೆ ಇನ್ಮೇಲೆ ಭಯ ಆಗ್ಬೇಕಮ್ಮಾ,” ಎಂದ ರಾಯರು, ಮುರಿದ ಆ ಪಟ್ಟಿಯನ್ನು ಪೂಜೆಯ ತಟ್ಟೆಯಲ್ಲಿಟ್ಟು, ಅದೊಂದಕ್ಕೆ ಮಾತ್ರ ಕುಂಕುಮ ಹಚ್ಚಿದರು.