ತಪ್ಪಿಲ್ಲದ ಸ್ಟೆಂಟು

ಜೊತೆಯ ಕೆಲಸಗಾರರು ಅವಳನ್ನು ಸೂಜಿಗಣ್ಣಕ್ಕ ಎನ್ನುತ್ತಿದ್ದರು. ಹೃದಯದ ರಕ್ತನಾಳ ಮತ್ತೆ ಮುಚ್ಚಿಕೊಳ್ಳದಂತೆ ಒಳಗೆ ಕೂರಿಸುವ ಸ್ಟೆಂಟುಗಳ ಕಾರ್ಖಾನೆಯಲ್ಲಿ ಹದಿನೇಳು ವರ್ಷದಿಂದ ಅವಳದು ಒಂದೇ ಕೆಲಸ, ನೋಡುವುದು. ಸೂಕ್ಷ್ಮದರ್ಶಕದಡಿ ಒಂದೊಂದೇ ಲೋಹದ ಪುಟ್ಟ ಜಾಲರಿಯನ್ನು ತಿರುಗಿಸಿ ತಿರುಗಿಸಿ ನೋಡಬೇಕು. ಎಳೆಯಲ್ಲಿ ಬಿರುಕೋ, ಮೇಲೆ ಲೇಪಿಸಿದ ಔಷಧಿಯಲ್ಲಿ ಗುಳ್ಳೆಯೋ ಕಂಡರೆ ಕೆಂಪು ತಟ್ಟೆಗೆ. ಕಾಣದಿದ್ದರೆ ಹಾಳೆಯಲ್ಲಿ ತನ್ನ ಸಂಖ್ಯೆ ಬರೆದು ಮುಂದಕ್ಕೆ. ಅವಳ ಸಂಖ್ಯೆ ಇಪ್ಪತ್ತಮೂರು.

ಮದುವೆಯಾದ ಎರಡನೇ ವರ್ಷಕ್ಕೇ ಗಂಡನ ಮನೆ ಬಿಟ್ಟು ಬಂದವಳು. ಯಾರಾದರೂ ಆ ಮಾತೆತ್ತಿದರೆ, “ಅದೂ ಕೆಂಪು ತಟ್ಟೆಗೆ ಹೋಯ್ತು” ಎಂದು ಮುಗಿಸುತ್ತಿದ್ದಳು. ತಮ್ಮ ತನ್ನ ಮನೆಯ ಕೆಳಗಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟು, ಹೆಂಡತಿಯೊಂದಿಗೆ ಮೇಲೆ ಇದ್ದ. ಬೀದಿಯ ತುದಿಯಲ್ಲಿ ಅವನ ಕಟಿಂಗ್ ಶಾಪು. ಕತ್ತರಿಗಿಂತ ನಾಲಿಗೆಯೇ ಚುರುಕು ಎಂದು ಗಿರಾಕಿಗಳು ನಗುತ್ತಿದ್ದರು.

ಅವನಿಗೆ ನಲವತ್ತಾರು ತುಂಬಿದ ವರ್ಷ, ಗಿರಾಕಿಯ ಒಂದು ಕೆನ್ನೆ ಹೆರೆದು ಮುಗಿಸುವಷ್ಟರಲ್ಲಿ ಎದೆ ಹಿಡಿದುಕೊಂಡಿತು. ಇನ್ನೊಂದು ಕೆನ್ನೆಯ ಮೇಲೆ ನೊರೆ ಇದ್ದ ಹಾಗೆಯೇ ಆ ಗಿರಾಕಿ ಅವನನ್ನು ಆಸ್ಪತ್ರೆಗೆ ಹೊತ್ತೊಯ್ದ. ಅಂದೇ ಸ್ಟೆಂಟು ಹಾಕಿದರು. ಬಿಡುಗಡೆಯ ದಿನ ಕೊಟ್ಟ ಚೀಟಿಯಲ್ಲಿ ಅಕ್ಕನ ಕಾರ್ಖಾನೆಯ ಹೆಸರಿತ್ತು.

“ನಮ್ಮಕ್ಕನ ಕೈ ದಾಟಿ ಬಂದದ್ದು” ಎಂದು ಅವನು ನರ್ಸಿಗೆ ಹೇಳಿದ. “ಗಂಡನ್ನೇ ಪಾಸ್ ಮಾಡದವಳು, ಇದನ್ನ ಪಾಸ್ ಮಾಡಿದಾಳೆ ಅಂದ್ರೆ ಗಟ್ಟಿ ಇರ್ಬೇಕು.”

ಎಂಟು ತಿಂಗಳಿಗೆ ಮೆಟ್ಟಿಲು ಹತ್ತುವಾಗ ಅದೇ ನೋವು. ಡಾಕ್ಟರು ಪರದೆಯ ಮೇಲೆ ತೋರಿಸಿದರು. ಸ್ಟೆಂಟು ಕೂರಿಸಿದ್ದ ಜಾಗದಲ್ಲೇ ರಕ್ತದ ಹಾದಿ ದಾರದಷ್ಟಾಗಿತ್ತು.

“ಸ್ಟೆಂಟು ಮುರಿದಿದೆಯಾ? ಒಳಗೆ ಸರಿಯಾಗಿ ಬಿಚ್ಚಿಕೊಂಡಿಲ್ವಾ?” ಎಂದು ಅವಳು ಕೇಳಿದಳು.

“ಎರಡೂ ಇಲ್ಲಮ್ಮ. ಅದು ಚೆನ್ನಾಗೇ ಕೂತಿದೆ. ಗಾಯ ಮಾಯುವಾಗ ಒಳಗೆ ಮಾಂಸ ಬೆಳೆಯುತ್ತೆ. ಅದು ಅತಿಯಾಗದಿರಲಿ ಅಂತಲೇ ಆ ಔಷಧಿ. ಕೆಲವರಲ್ಲಿ ಔಷಧಿಯನ್ನೂ ಮೀರಿ ಬೆಳೆಯುತ್ತೆ. ಇವರಿಗೆ ಸಕ್ಕರೆ ಕಾಯಿಲೆ ಬೇರೆ.”

ಹಳೆಯದರೊಳಗೆ ಇನ್ನೊಂದು ಸ್ಟೆಂಟು ಹಾಕಿದರು. ಅವಳಿಗೆ ಸಮಾಧಾನವಾಗಲಿಲ್ಲ. ಮೊದಲ ಚೀಟಿಯಲ್ಲಿದ್ದ ಸ್ಟೆಂಟಿನ ನಂಬರು ಬರೆದುಕೊಂಡು ಕಾರ್ಖಾನೆಯ ದಾಖಲೆ ಕೋಣೆಗೆ ಹೋದಳು. ಹಾಳೆ ಸಿಕ್ಕಿತು. ಕೆಳಗೆ ಅವಳದೇ ಕೈಬರಹ, ಇಪ್ಪತ್ತಮೂರು. ಪಕ್ಕದಲ್ಲಿ ಆ ಸ್ಟೆಂಟಿನ ದೊಡ್ಡದು ಮಾಡಿದ ಚಿತ್ರಗಳು. ಊಟದ ಬಿಡುವು ಮುಗಿಯುವ ತನಕ ಅವಳು ಎಳೆ ಎಳೆಯಾಗಿ ಹುಡುಕಿದಳು. ಒಂದು ಗೀರಾದರೂ ಸಿಗಲಿ ಎಂದು ಬೇಡಿಕೊಂಡಳು. ತಪ್ಪು ತನ್ನದಾದರೆ ತಲೆ ತಗ್ಗಿಸಬಹುದಿತ್ತು. ಅಲ್ಲಿ ಏನೂ ಇರಲಿಲ್ಲ.

ಸಂಜೆ ತಮ್ಮನಿಗೆ ಹೇಳಿದಳು, “ಅದನ್ನ ನಾನೇ ನೋಡಿ ಬಿಟ್ಟದ್ದು ಕಣೋ.”

“ಒಳ್ಳೇದೇ ಆಯ್ತಲ್ಲ ಅಕ್ಕ. ಬೇರೆಯವರು ನೋಡಿದ್ದರೆ, ಎಲ್ಲೋ ಎಡವಿರಬೇಕು ಅಂತ ನಾನು ಜೀವ ಇರೋವರೆಗೂ ಕೊರಗ್ತಿದ್ದೆ.”

ಮುಂದಿನ ವರ್ಷ ಎರಡನೆಯದೂ ಕಟ್ಟಿಕೊಂಡಿತು. ಈ ಸಲ ಔಷಧಿ ಸವರಿದ ಬಲೂನನ್ನು ಒಳಗೆ ಉಬ್ಬಿಸಿ, ಹಾದಿ ಬಿಡಿಸಿ ತೆಗೆದರು. ಅದು ಬಾಳಿದ್ದು ಐದು ತಿಂಗಳು. ಮೂರನೇ ಪದರ ಲೋಹಕ್ಕೆ ಜಾಗವಿಲ್ಲ ಎಂದರು ಡಾಕ್ಟರು. ಬೈಪಾಸ್ ಮಾಡೋಣವೆಂದರೆ ಆಚೆಗಿನ ನಾಳಗಳು ಹೊಲಿಗೆ ಹಿಡಿಯದಷ್ಟು ಸಪೂರ. “ಮಾತ್ರೆ ಬಿಡಬೇಡಿ” ಎಂದಷ್ಟೇ ಹೇಳಿ ಕಳಿಸಿದರು.

ತಮ್ಮ ದಿನಕ್ಕೆ ಮೂರು ತಲೆ ಕಟಿಂಗ್ ಮಾಡುತ್ತಿದ್ದ, ಆಮೇಲೆ ಒಂದು. ನಡುವೆ ಗಿರಾಕಿಯನ್ನು ಬೆಂಚಿಗೆ ಕಳಿಸಿ ಕುರ್ಚಿಯಲ್ಲಿ ತಾನು ಕೂರುತ್ತಿದ್ದ. ಮಾತು ಕಡಿಮೆಯಾಯಿತು. ಮಾತಾಡಲೂ ಉಸಿರು ಬೇಕಲ್ಲ.

ಇತ್ತ ಅವಳ ಕೆಂಪು ತಟ್ಟೆ ತುಂಬತೊಡಗಿತು. ಒಂದು ದಿನ ಸೂಪರ್‌ವೈಸರ್ ಅದನ್ನು ತಂದು ಮುಂದಿಟ್ಟ.

“ಅಕ್ಕ, ಇವೆಲ್ಲ ಸರಿಯಾಗೇ ಇವೆ.”

“ಗೊತ್ತು.”

“ಮತ್ತೆ ಯಾಕೆ ಹಾಕಿದ್ರಿ?”

“ನನ್ನನ್ನ ಪ್ಯಾಕಿಂಗಿಗೆ ಹಾಕಿಬಿಡಿ” ಎಂದಳು. ಇಂಥ ಕಣ್ಣು ಇನ್ನೊಂದು ಎಲ್ಲಿಂದ ತರಲಿ ಎಂದು ಅವನು ಒಪ್ಪಲಿಲ್ಲ.

ತಮ್ಮ ಹೋದದ್ದು ಒಂದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ. ಆಗ ಅವಳು ಬಿಳಿ ನಿಲುವಂಗಿ, ಮುಸುಕು ತೊಟ್ಟು ತಪಾಸಣೆ ಕೋಣೆಯೊಳಗಿದ್ದಳು. ಅಲ್ಲಿಗೆ ಫೋನು ಒಯ್ಯುವಂತಿಲ್ಲ. ಒಂದು ಗಂಟೆಗೆ ಲಾಕರು ತೆರೆದಾಗ ತಮ್ಮನ ಹೆಂಡತಿಯ ಹನ್ನೊಂದು ಕರೆಗಳಿದ್ದವು. ನಡುವಿನ ಮೂರು ತಾಸಿನಲ್ಲಿ ಅವಳು ಹದಿನಾರು ಸ್ಟೆಂಟು ನೋಡಿದ್ದಳು. ಹದಿನಾರೂ ಸರಿಯಾಗಿದ್ದವು.

ತಿಂಗಳೊಪ್ಪತ್ತಿನಲ್ಲಿ ತಮ್ಮನ ಹೆಂಡತಿ ತವರಿಗೆ ಹೊರಟಳು. ಗಾಡಿ ಹತ್ತುವ ಮುನ್ನ ಕೇಳಿದಳು, “ಅತ್ತಿಗೆ, ನೀವು ಮಾಡೋ ಆ ಸಾಮಾನು ಯಾರಿಗಾದ್ರೂ ನಿಲ್ಲುತ್ತಾ?”

“ತುಂಬಾ ಜನಕ್ಕೆ ನಿಲ್ಲುತ್ತೆ ಕಣಮ್ಮ” ಎಂದಳು ಅವಳು. ಅದು ನಿಜವೂ ಹೌದು. ಆದರೆ ಹಾಗೆ ಹೇಳಿದ್ದಕ್ಕೆ ಇಬ್ಬರಲ್ಲಿ ಒಬ್ಬರ ಮನಸ್ಸೂ ಹಗುರಾಗಲಿಲ್ಲ. ಗಾಡಿ ಹೋದ ಮೇಲೆ ಮೇಲಿನ ಮನೆಗೆ ಬೀಗ ಹಾಕಿ ಕೆಳಗಿಳಿದಳು. ಮರುದಿನ ಎಂಟಕ್ಕೆ ಅವಳ ಪಾಳಿಯಿತ್ತು.